ಅಕ್ಕನ ಕಾಲಿನ ಮುಳ್ಳು

ಹೊರಡುವ ಮೊದಲು

ಶ್ರೀಶೈಲಕ್ಕೆ ನಡೆದು ಹೋಗುವವರು ಏನೇನು ಕಟ್ಟಿಕೊಂಡು ಹೋಗಬೇಕೆಂದು ಈಗ ನನ್ನನ್ನು ಬಹಳ ಜನ ಕೇಳುತ್ತಾರೆ. ನಾನು ಶ್ರೀಶೈಲವನ್ನು ನೋಡಿಯೇ ಇಲ್ಲ. ತುಂಗಭದ್ರೆಯ ಈಚೆ ದಂಡೆಯಿಂದಲೇ ತಿರುಗಿ ಬಂದವಳು. ಆದರೂ ಕೇಳುತ್ತಾರೆ. ನಮ್ಮ ತುಮಕೂರಿನ ಕಡೆಯಿಂದ ಹೋಗಿ ನಿಜಾಮರ ಸೀಮೆಯ ಕಪ್ಪು ನೆಲದಲ್ಲಿ ದೇವರ ಕಂಬಿ ಹೊತ್ತ ಜನರ ಜೊತೆ ನಡೆದ ಹೆಂಗಸು ನಾನೊಬ್ಬಳೇ ಎಂದು ಅವರ ನಂಬಿಕೆ.

ನಾನು ಹೆಂಗಸರ ಆಸ್ಪತ್ರೆಯಲ್ಲಿ ದಾದಿ. ದಾದಿಯರಿಗೆ ಎಲ್ಲವೂ ಮೊದಲೇ ಗೊತ್ತಿರುತ್ತದೆ ಎಂಬ ಅಹಂಕಾರ ಇರುತ್ತದೆ. ನನಗೆ ಸ್ವಲ್ಪ ಹೆಚ್ಚಾಗಿಯೇ ಇತ್ತು. ಒಂದು ತಗಡಿನ ಟ್ರಂಕು, ಕೊಡೆ, ಬಿಸಿ ಕಾಫಿಗೆಂದು ಒಂದು ಫ್ಲಾಸ್ಕು, ಹೊಸ ಕ್ಯಾನ್ವಾಸ್ ಬೂಟು, ಅಯೋಡಿನ್ ಸೀಸೆ, ಬ್ಯಾಂಡೇಜಿನ ಬಟ್ಟೆ, ಒಂದು ಚಿಮುಟ. ಇಷ್ಟನ್ನೂ ಹೊತ್ತು ನಡೆಯುವವರು ಯಾರು ಎಂದು ಯೋಚಿಸಿರಲಿಲ್ಲ.

ನನ್ನ ಅಕ್ಕ ಗೌರಮ್ಮನನ್ನು ದೇವದುರ್ಗಕ್ಕೆ ಕೊಟ್ಟಾಗ ನಾನಿನ್ನೂ ಲಂಗ ಉಡುವ ಹುಡುಗಿ. ಆಮೇಲೆ ಅವಳು ತವರಿಗೆ ಬಂದದ್ದು ಬೆರಳೆಣಿಕೆಯಷ್ಟು ಸಲ. ಆ ವರ್ಷ ಸಂಕ್ರಾಂತಿಯ ಹೊತ್ತಿಗೆ ಹೇಳಿ ಕಳಿಸಿದಳು: ಈ ಸಲ ಯುಗಾದಿಗೆ ಮಲ್ಲಯ್ಯನ ಕಂಬಿಯ ಜೊತೆ ನಡೆದು ಹೋಗುತ್ತೇನೆ, ನೀನು ಬಾ, ನೀನೇ ಬರಬೇಕು. ಭಾವನವರು ತೀರಿಕೊಂಡ ಮೇಲೆ ಅವಳಿಗೆ ಒಂಟಿತನ ಕಾಡುತ್ತಿರಬೇಕೆಂದು ನಾನು ತಿಳಿದೆ. ರಜೆ ಬರೆದುಕೊಟ್ಟು ರೈಲು ಹತ್ತಿದೆ.

ರಾಯಚೂರು ಸ್ಟೇಷನ್

ಯುದ್ಧದ ಕಾಲ. ಗುಂತಕಲ್ಲಿನಿಂದ ಮುಂದಕ್ಕೆ ಕೂರಲು ಜಾಗವಿರಲಿಲ್ಲ, ಟ್ರಂಕೇ ಕುರ್ಚಿಯಾಯಿತು. ರಾಯಚೂರಿನಲ್ಲಿ ಇಳಿದರೆ ಬೇರೆ ರಾಜ್ಯ, ಬೇರೆ ನಾಣ್ಯ, ಫಲಕದ ಮೇಲೆ ನನಗೆ ಓದಲು ಬಾರದ ಅಕ್ಷರ. ಸುಂಕದ ಕಟ್ಟೆಯವನು ಗಡ್ಡಕ್ಕೆ ಮದರಂಗಿ ಹಚ್ಚಿದ್ದ ಮುದುಕ. ಟ್ರಂಕನ್ನು ಬಿಟ್ಟು ಫ್ಲಾಸ್ಕನ್ನೇ ಹಿಡಿದುಕೊಂಡ.

“ಇಸ್ಮೆ ಕ್ಯಾ ಹೈ, ಅಮ್ಮಾ?”

ಕಾಫಿ ಎಂದೆ. ಅವನಿಗೆ ನಂಬಿಕೆ ಬರಲಿಲ್ಲ. ಮುಚ್ಚಳದಲ್ಲಿ ಬಗ್ಗಿಸಿ ಕೊಟ್ಟೆ. ಕುಡಿದು ಮುಖ ಕಿವಿಚಿ, ಔಷಧವೆಂದು ನಿಶ್ಚಯಿಸಿ ಬಿಟ್ಟುಬಿಟ್ಟ. ನಮ್ಮೂರ ಕಾಫಿಗೆ ಅಂಥ ಅವಮಾನ ಮತ್ತೆಲ್ಲೂ ಆಗಿಲ್ಲ.

ದೇವದುರ್ಗದ ಬಸ್ಸು ಇದ್ದಲಿನ ಹೊಗೆಯಲ್ಲಿ ಓಡುವಂಥದು. ಪೆಟ್ರೋಲೆಲ್ಲ ಯುದ್ಧಕ್ಕೆ ಹೋಗಿತ್ತಲ್ಲ. ಕಲ್ಮಲ ದಾಟುವಷ್ಟರಲ್ಲಿ ಉಸಿರು ಕಟ್ಟಿ ನಿಂತಿತು. ಗಂಡಸರು ತಳ್ಳಿದರು, ಹೆಂಗಸರು ಪಕ್ಕದಲ್ಲಿ ನಡೆದೆವು. ಮತ್ತೆ ಜಿಗಿದು ಹೊರಟಾಗ ಸೀಟಿನ ಮೇಲಿದ್ದ ಫ್ಲಾಸ್ಕು ಉರುಳಿ ಬಿದ್ದು ಒಳಗಿನ ಗಾಜು ಚೂರಾಯಿತು. ಅಲ್ಲಿಗೆ ಮೈಸೂರು ಸೀಮೆಯ ಋಣ ಹರಿಯಿತು ಎಂದುಕೊಂಡೆ. ಕಿಟಕಿಯ ಆಚೆ ಎತ್ತ ನೋಡಿದರೂ ಜೋಳ ಕೊಯ್ದು ಬಿರುಕು ಬಿಟ್ಟ ಎರೆ ಹೊಲ, ಬದುವಿನ ಉದ್ದಕ್ಕೂ ಜಾಲಿ.

ದೇವದುರ್ಗ

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ನಾನು ಅಪ್ಪಿಕೊಳ್ಳಲು ಹೋದರೆ ಎರಡು ಹೆಜ್ಜೆ ಹಿಂದೆ ಸರಿದಳು.

“ಮುಟ್ಟಬ್ಯಾಡ, ಪಾರೂ. ಹರಕಿ ಹೊತ್ತೀನಿ.”

ಹರಕೆಯ ವಿವರವನ್ನು ಸೊಸೆ ನೀಲಮ್ಮ ಹೇಳಿದಳು. “ಅತ್ತಿ ಮಲ್ಲಯ್ಯನ್ನ ನೋಡಿ ಬರೋತನ ಕೂಸಿನ್ನ ಎತ್ತಂಗಿಲ್ಲಂತ್ರೀ. ಉಣ್ಣೋ ಗಂಗಾಳ ಬ್ಯಾರೆ, ಹಾಸಿಗಿ ಪಡಸಾಲ್ಯಾಗ. ಭಾಳ ಕಟ್ಟುನಿಟ್ಟು ನೋಡ್ರಿ.” ತೊಟ್ಟಿಲಲ್ಲಿ ಮೊದಲ ಮೊಮ್ಮಗ ಕೈಕಾಲು ಆಡಿಸುತ್ತಿದ್ದ. ಅಕ್ಕ ದೂರದಲ್ಲಿ ಕುಳಿತು ಅವನ ಜೊತೆ ಮಾತಾಡುತ್ತಿದ್ದಳು. ಅವನು ಅವಳ ದನಿಗೆ ಕತ್ತು ತಿರುಗಿಸುತ್ತಿದ್ದ. ಇಷ್ಟು ಕಠಿಣವಾದ ಹರಕೆಯನ್ನು ನಾನು ಎಲ್ಲೂ ಕೇಳಿರಲಿಲ್ಲ. ನನ್ನ ಅಕ್ಕ ದೊಡ್ಡ ಮನಸ್ಸಿನವಳೆಂದು ಹೆಮ್ಮೆಪಟ್ಟೆ.

ಆ ಸೀಮೆಯಲ್ಲಿ ಶ್ರೀಶೈಲದ ಭ್ರಮರಾಂಬೆ ಕನ್ನಡದ ಮನೆಮಗಳು, ಮಲ್ಲಯ್ಯ ಅಳಿಯ. ಯುಗಾದಿಗೆ ಮಗಳಿಗೆ ತವರಿನ ಸೀರೆ ಮುಟ್ಟಿಸಬೇಕು. ಬಿದಿರಿನ ಕೋಲಿನ ಎರಡು ತುದಿಗೆ ಬುಟ್ಟಿ ತೂಗಿಸಿ ನವಿಲುಗರಿ ಕಟ್ಟಿದ್ದೇ ಕಂಬಿ. ಸೀರೆ, ಅಕ್ಕಿ, ಅರಿಸಿನ ಎಲ್ಲ ಅದರಲ್ಲಿ ಹೋಗುತ್ತದೆ. ಒಮ್ಮೆ ಹೆಗಲಿಗೇರಿದ ಕಂಬಿಯನ್ನು ನೆಲಕ್ಕೆ ಇಡುವಂತಿಲ್ಲ. ತಂಗಿದ ಕಡೆ ಮರದ ಕೊಂಬೆಗೆ ತೂಗುಹಾಕುತ್ತಾರೆ. ದೇವದುರ್ಗದ ಕಂಬಿ ಹೊರುವವರು ಬಸಯ್ಯ ಎಂಬ ಜಂಗಮರು. ವಯಸ್ಸಾಗಿತ್ತು, ಬಲ ಹೆಗಲ ಮೇಲೆ ಕಾಯಿಗಟ್ಟಿದ ಹಾಗೆ ಒಂದು ಗಂಟು. ಎಲ್ಲರೂ ಅವರನ್ನು ಅಜ್ಜಾರು ಎನ್ನುತ್ತಿದ್ದರು. ಆ ವರ್ಷ ಬಟ್ಟೆಗೆ ಬರಗಾಲ, ಹೊಸ ಸೀರೆ ಎಲ್ಲೂ ಸಿಗುತ್ತಿರಲಿಲ್ಲ. ಅಕ್ಕ ತಾನು ಉಡದೆ ಎತ್ತಿಟ್ಟಿದ್ದ ಇಳಕಲ್ಲಿನ ಸೀರೆಯನ್ನೇ ದೇವಿಗೆಂದು ತೆಗೆದಿದ್ದಳು. ಹೊಳೆ ದಾಟುವಾಗ ಕಂಬಿಗೆ ಹಾಕುತ್ತೇನೆ, ಅಲ್ಲಿಯತನಕ ನನ್ನ ಉಡಿಯಲ್ಲೇ ಇರಲಿ ಎಂದಳು.

ನನ್ನ ಟ್ರಂಕನ್ನು ನೋಡಿ ನಕ್ಕವಳು ಈರವ್ವ. ದೇವದುರ್ಗದ ಪಕ್ಕದ ಜಾಲಹಳ್ಳಿಯ ಕೂಲಿ ಹೆಂಗಸು, ವಿಧವೆ, ಈ ದಾರಿಯನ್ನು ಮೊದಲೇ ತುಳಿದವಳು. “ಯವ್ವಾ, ಇದನ್ನ ಹೊರಾಕ ಕತ್ತಿ ತರಸ್ಯಾರೇನ್ರೀ ಮೈಸೂರಿನವ್ರು?” ಹೊರುವ ಕತ್ತೆ ಇರಲಿಲ್ಲ, ಟ್ರಂಕು ಅಲ್ಲೇ ಉಳಿಯಿತು. ಅವಳು ನನಗೆ ಕಟ್ಟಿಕೊಟ್ಟ ಗಂಟಿನಲ್ಲಿ ಇದ್ದದ್ದು: ಒಂದು ಕರಿ ಕಂಬಳಿ, ಅದು ಹಗಲು ನೆರಳು, ರಾತ್ರಿ ಹಾಸಿಗೆ, ಒಣಗಿದ ಸೋರೆ ಬುರುಡೆಯಲ್ಲಿ ನೀರು, ಒಣಗಿಸಿದ ಕಟಕ ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿ, ಒಂದು ಸಣ್ಣ ಕುಡಿಕೆ ಔಡಲೆಣ್ಣೆ, ಅಂದರೆ ನಮ್ಮ ಕಡೆಯ ಹರಳೆಣ್ಣೆ. ಚರ್ಮದ ಚಪ್ಪಲಿ ಇದ್ದವರು ಅದನ್ನು ಹಿಂದಿನ ದಿನವೇ ಔಡಲೆಣ್ಣೆಯಲ್ಲಿ ನೆನೆಹಾಕಿದ್ದರು. ನಮ್ಮ ಕಡೆ ಚಪ್ಪಲಿ ಮೆತ್ತಗಾಗಲು ವರ್ಷ ಬೇಕು, ಅಲ್ಲಿ ಒಂದು ರಾತ್ರಿ ಸಾಕು. ನನ್ನ ಬಿಳಿ ಬೂಟನ್ನು ಮಾತ್ರ ನಾನು ಬಿಡಲಿಲ್ಲ. ಅಕ್ಕ ಬರಿಗಾಲು. ಬರಿಗಾಲೂ ಅವಳ ಹರಕೆಯಲ್ಲಿ ಸೇರಿದೆ ಎಂದರು.

ಮಾನ್ವಿಯ ದಾರಿ

ಬೆಳಗಿನ ತಂಪಿನಲ್ಲಿ ನಡೆಯುವುದು, ಬಿಸಿಲು ಏರಿದರೆ ಬೇವಿನ ಕೆಳಗೆ ಮಲಗುವುದು, ಮತ್ತೆ ಇಳಿಹೊತ್ತಿಗೆ ಏಳುವುದು. ಮಲಗುವಾಗ ಗಂಟನ್ನು ತಲೆಗಲ್ಲ, ಕಾಲಿಗೆ ಇಟ್ಟುಕೊಳ್ಳಿ. ಪಾದ ಎದೆಗಿಂತ ಎತ್ತರ ಇದ್ದರೆ ಊತ ಇಳಿಯುತ್ತದೆ. ಬೊಬ್ಬೆ ಎದ್ದರೆ ಚರ್ಮ ಕಿತ್ತು ಹಾಕಬೇಡಿ. ಎಣ್ಣೆಯಲ್ಲಿ ಅದ್ದಿದ ದಾರವನ್ನು ಸೂಜಿಯಿಂದ ಪೋಣಿಸಿ ಅಲ್ಲೇ ಬಿಟ್ಟರೆ ನೀರು ತಾನಾಗಿ ಬಸಿಯುತ್ತದೆ. ಇದನ್ನು ಈರವ್ವ ನನಗೆ ಮಾಡಿದಳು, ಏಕೆಂದರೆ ಮೊದಲ ಬೊಬ್ಬೆ ಎದ್ದದ್ದು ಹೊಸ ಬೂಟಿನವಳಿಗೇ. ಆಸ್ಪತ್ರೆಯಲ್ಲಿ ಕುದಿಸಿದ ಸೂಜಿ ಎಂದು ಅರಚುವ ನಾನು ಸುಮ್ಮನೆ ಕಾಲು ಚಾಚಿ ಕುಳಿತಿದ್ದೆ.

ಆ ಜನರಲ್ಲಿ ಒಂದು ಕಟ್ಟಳೆ ಇದೆ. ಕಂಬಿಯ ದಾರಿಯಲ್ಲಿ ತನ್ನ ಕಾಲಿನ ಮುಳ್ಳನ್ನು ತಾನೇ ತೆಗೆದುಕೊಳ್ಳುವಂತಿಲ್ಲ. ಜೊತೆಗಾರರು ತೆಗೆಯಬೇಕು. ಯಾಕೆ ಎಂದೆ.

“ತನ್ನ ಮುಳ್ಳು ತಾನ ತಗೊಂಡ್ರ ಒಬ್ಬಾಕೀನ ಬಂದಂಗಾತು,” ಎಂದಳು ಈರವ್ವ. “ಕೂಡಿ ಬಂದದ್ದು ಯಾಕ ಮತ್ತ?”

ಹಾಗಾಗಿ ತಂಗಿದ ಕಡೆಯೆಲ್ಲ ಮೊದಲ ಕೆಲಸ ಮುಳ್ಳಿನದು. ಎದುರುಬದುರು ಕುಳಿತು ಒಬ್ಬರ ಪಾದ ಇನ್ನೊಬ್ಬರ ತೊಡೆಯ ಮೇಲೆ. ಬೈಗುಳ, ನಗು, “ಯಪ್ಪಾ ಸತ್ತೆ” ಎಂಬ ಕೂಗು. ನನ್ನ ಚಿಮುಟಕ್ಕೆ ಭಾರಿ ಬೇಡಿಕೆ ಬಂತು. ಆದರೆ ಅಕ್ಕ ಯಾರ ಮುಂದೆಯೂ ಕಾಲು ಚಾಚಲಿಲ್ಲ. ಮುಳ್ಳಿಲ್ಲ ಎನ್ನುತ್ತಿದ್ದಳು. ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದಳು, ಜಾಲಿಯ ಬದುವನ್ನೂ ಕಾದ ಕಲ್ಲನ್ನೂ ನೋಡದೆ. ಆ ನಡಿಗೆಯನ್ನು ನೋಡಿ ಜನ ಮಾತಾಡತೊಡಗಿದ್ದರು: ಗೌರವ್ವಗ ನೋವು ಅನ್ನೋದ ಇಲ್ಲ, ಮಲ್ಲಯ್ಯ ಆಕಿ ನೋವು ತಾನ ಇಸಗೊಂಡಾನ.

ಒಂದು ಬೆಳಿಗ್ಗೆ ನಾನು ಅವಳ ಹಿಂದೆಯೇ ನಡೆಯುತ್ತಿದ್ದೆ. ಗಾಡಿ ದಾರಿಯ ಬೂದು ಧೂಳಿನಲ್ಲಿ ಅವಳ ಹೆಜ್ಜೆ ಒಂದೊಂದಾಗಿ ಮೂಡುತ್ತಿತ್ತು. ಎಡ ಹೆಜ್ಜೆಯಲ್ಲೆಲ್ಲ ಹಿಮ್ಮಡಿಯ ಹತ್ತಿರ ಒಂದು ಒದ್ದೆ ಚುಕ್ಕೆ. ಬಗ್ಗಿ ಮುಟ್ಟಿ ನೋಡಿದೆ. ರಕ್ತ.

“ಅಕ್ಕಾ, ಕೂತ್ಕೋ. ಕಾಲು ತೋರಿಸು.”

“ಏನಾಗಿಲ್ಲ ಬಿಡ.”

“ಕೂತ್ಕೋ ಅಂದೆ.”

ಆಸ್ಪತ್ರೆಯ ದನಿ ಕೇಳಿ ಅವಳು ಕುಳಿತಳು. ಹಿಮ್ಮಡಿಯಲ್ಲಿ ಜಾಲಿಯ ಮುಳ್ಳು ಬುಡದವರೆಗೆ ಇಳಿದಿತ್ತು. ಹಿಂದಿನ ದಿನದ್ದಿರಬೇಕು, ಸುತ್ತ ಬಾತಿತ್ತು. ಚಿಮುಟ ಹಾಕಿ ಎಳೆದೆ. ಎಳೆಯುವಾಗ ನನ್ನ ಹಲ್ಲೇ ಜುಮ್ಮೆಂದಿತು. ಅಕ್ಕ ಆಗ ಈರವ್ವನ ಜೊತೆ ತಮ್ಮ ಮನೆಯ ಕೆಂದ ಹಸುವಿನ ವಿಚಾರ ಹೇಳುತ್ತಿದ್ದಳು. ಮುಳ್ಳು ಹೊರಬಂದಿತು, ಕೀವು ಬಂದಿತು, ಅಯೋಡಿನ್ ಸುರಿದೆ. ಹಸುವಿನ ಮಾತು ನಿಲ್ಲಲಿಲ್ಲ.

ಈರವ್ವ ನನ್ನ ಕೈಯಿಂದ ಮುಳ್ಳನ್ನು ಇಸಿದುಕೊಂಡು ಕಣ್ಣಿಗೊತ್ತಿಕೊಂಡಳು. ಅದನ್ನು ಸೆರಗಿನ ತುದಿಗೆ ಕಟ್ಟಿದಳು. ಅಕ್ಕನ ಪಾದಕ್ಕೆ ಹಣೆ ಹಚ್ಚಿ, “ಪುಣ್ಯವಂತಿ ನೀ, ಗೌರವ್ವಾ” ಎಂದಳು. ಸುತ್ತ ನಿಂತವರೆಲ್ಲ ಕೈಮುಗಿದರು.

ನಾನು ಚಿಮುಟ ಒರೆಸಿ ಗಂಟಿಗೆ ಹಾಕಿದೆ. ಆಸ್ಪತ್ರೆಯಲ್ಲಿ ನಾನು ಇಂಥ ಪಾದವನ್ನು ನೋಡಿದ್ದೆ.

ಮಾನ್ವಿ

ಮಾನ್ವಿಯ ಜನ ಬಂದು ಕೂಡಿಕೊಂಡ ಮೇಲೆಯೇ ಕಂಬಿ ಮುಂದೆ ಹೋಗುವುದು ಪದ್ಧತಿ. ನಮಗಿಂತ ಮೊದಲು ಸುದ್ದಿ ಹೋಗಿ ಮುಟ್ಟಿತ್ತು. ಊರ ಬಾಗಿಲಲ್ಲಿ ಹೆಂಗಸರು ಅರಿಸಿನದ ನೀರು ಹಿಡಿದು ನಿಂತಿದ್ದರು. ಬಂದವರ ಪಾದ ತೊಳೆಯುವುದು ಅಲ್ಲಿ ಪ್ರತಿ ವರ್ಷದ ರೂಢಿ. ನಮ್ಮ ಕಡೆ ಬಂದವರಿಗೆ ಕಾಲು ತೊಳೆಯಲು ತಂಬಿಗೆ ಕೊಟ್ಟು ಒಳಗೆ ಹೋಗುತ್ತೇವೆ, ಅಲ್ಲಿ ತಾವೇ ಬಗ್ಗಿ ತೊಳೆಯುತ್ತಾರೆ. ಆದರೆ ಈ ಸಲ ಎಲ್ಲರೂ ಅಕ್ಕನ ಪಾದಕ್ಕೇ ಮುತ್ತಿದರು. ಅವಳು ಕಾಲನ್ನು ಹಿಂದೆ ಹಿಂದೆ ಎಳೆದುಕೊಳ್ಳುತ್ತಿದ್ದಳು. ಜನ ಅದನ್ನು ವಿನಯವೆಂದರು.

ಮಧ್ಯಾಹ್ನ ತಂಗಿದ ಮನೆಯ ಹಿತ್ತಿಲಿನಲ್ಲಿ, ಬೇವಿನ ನೆರಳಲ್ಲಿ, ನಾವಿಬ್ಬರೇ ಇದ್ದೆವು. ದೀಪದ ಬತ್ತಿಯಿಂದ ಒಂದು ಎಳೆ ಹತ್ತಿ ಕಿತ್ತುಕೊಂಡೆ. ಕಣ್ಣು ಮುಚ್ಚಿಕೋ, ನಾನು ಮುಟ್ಟಿದಾಗೆಲ್ಲ ಹೂಂ ಅನ್ನು ಎಂದೆ. ಕೆನ್ನೆಗೆ ಮುಟ್ಟಿಸಿದೆ, ಹೂಂ ಎಂದಳು. ಮೊಣಕೈ, ಹೂಂ. ಅಂಗೈಗೆ ಬಂದೆ. ಕಿರುಬೆರಳು, ಉಂಗುರ ಬೆರಳು. ಪಾದದ ಮೇಲೆ, ಪಾದದ ಕೆಳಗೆ, ಹಿಮ್ಮಡಿ, ಬೆರಳ ಸಂದು. ಬಹಳ ಹೊತ್ತು ಎಳೆದೆ.

“ಮುಟ್ಟು ಮತ್ತ,” ಎಂದಳು ಅಕ್ಕ, ಕಣ್ಣು ಮುಚ್ಚಿಕೊಂಡೇ. “ಯಾಕ ಸುಮ್ಮನ ಕೂತಿ?”

ನಾನು ಅಂಗಾಲಿನ ಮೇಲೆ ಇನ್ನೊಮ್ಮೆ ಹತ್ತಿ ಎಳೆದೆ. ಅವಳು ಕಣ್ಣು ತೆರೆದು ತನ್ನ ಪಾದದ ಮೇಲಿದ್ದ ನನ್ನ ಕೈಯನ್ನೂ ಹತ್ತಿಯ ಎಳೆಯನ್ನೂ ನೋಡಿದಳು.

“ಗೊತ್ತಿತ್ತು ನನಗ,” ಎಂದಳು. “ಹೋದ ವರ್ಷ ರೊಟ್ಟಿ ಬೇಸಾಕತ್ತಿದ್ದೆ. ವಾಸನಿ ಬಂತು. ರೊಟ್ಟಿ ಸೀದೈತೇನಂತ ನೋಡಿದ್ರ ನನ್ನ ಬೆರಳು. ಆವತ್ತಿನಿಂದ ಅಡಗಿ ಮನಿಗ ಹೋಗಿಲ್ಲ. ಕೂಸು ಹುಟ್ಟಿದ ಮ್ಯಾಲ ಎತ್ತಿಲ್ಲ. ಹರಕಿ ಅಂದೆ. ಹರಕಿ ಅಂದ್ರ ಯಾರೂ ತಿರುಗಿ ಕೇಳಂಗಿಲ್ಲ.”

“ಮತ್ತೆ ನನಗೆ ಯಾಕೆ ಬರೆಸಲಿಲ್ಲ?”

“ಬಾ ಅಂತ ಕರದೆನಲ್ಲ. ಬ್ಯಾರೆ ಯಾರ ಬಾಯಿಂದ ಕೇಳಲಿ ಆ ಮಾತು? ನೀ ಹೇಳು ಈಗ. ದೊಡ್ಡ ರೋಗೇನು?”

ಹೌದು ಎಂದೆ. ಕುಷ್ಠ ಎಂಬ ಶಬ್ದವನ್ನು ಎಷ್ಟೋ ಜನರಿಗೆ ಹೇಳಿದ ಬಾಯಿ ನನ್ನದು. ಅವಳಿಗೂ ಹೇಳಿದೆ. ನಾನು ಅತ್ತೆ, ಅವಳು ಅಳಲಿಲ್ಲ.

ಗೊತ್ತಿದ್ದದ್ದನ್ನೆಲ್ಲ ಹೇಳಿದೆ. ನಿಜಾಮರ ಸೀಮೆಯಲ್ಲೇ ಉತ್ತರದ ಕಡೆ ಈ ರೋಗಕ್ಕೆಂದೇ ಆಸ್ಪತ್ರೆ ಇದೆ, ಎಣ್ಣೆಯ ಸೂಜಿ ಹಾಕುತ್ತಾರೆ, ರೋಗ ನಿಲ್ಲುವುದುಂಟು. ಆದರೆ ನೋವು ಗೊತ್ತಾಗದ ಕಾಲಲ್ಲಿ ನಡೆದರೆ ಕಾಲೇ ಉಳಿಯುವುದಿಲ್ಲ. ನಾಳೆಯೇ ರೈಲು ಹತ್ತೋಣ ಎಂದೆ. ಅವಳು ಮೊದಲು ಕೇಳಿದ್ದು ತನ್ನ ಕಾಲಿನ ಮಾತಲ್ಲ.

“ಮನಿಯಾಗ ಗೊತ್ತಾದ್ರ ನೀಲವ್ವ ತವರಿಗ ಹೊಕ್ಕಾಳ. ಹೋಗ್ಲಿ. ಆದ್ರ ಆ ಕೂಸಿಗ ಮುಂದ ಹೆಣ್ಣು ಯಾರು ಕೊಡ್ತಾರ, ಪಾರೂ? ಕಾಲು ಹೋದ್ರ ನಂದ ಹೋತು. ಈ ಮಾತು ಹೊರಬಿತ್ತಂದ್ರ ಮನಿ ಹೋತು.”

ನಾನು ಕಾಲಿನ ಮಾತನ್ನೇ ಮತ್ತೆ ಮತ್ತೆ ಹೇಳಿದೆ. ಕೊನೆಗೆ ಒಂದು ರಾಜಿಯಾಯಿತು. ಹೊಳೆಯವರೆಗೆ ಅವಳು ನಡೆಯುತ್ತಾಳೆ, ಸೀರೆಯನ್ನು ಕಂಬಿಗೆ ಹಾಕುತ್ತಾಳೆ, ಅಲ್ಲಿಂದ ನನ್ನ ಜೊತೆ ತಿರುಗುತ್ತಾಳೆ. ಅಲ್ಲಿಯವರೆಗೆ ಬರಿಗಾಲು ಕೂಡದು. ನನ್ನ ಕ್ಯಾನ್ವಾಸ್ ಬೂಟನ್ನು ಅವಳ ಮುಂದೆ ಇಟ್ಟೆ. ಅಕ್ಕ ತಂಗಿಯರ ಪಾದ ಒಂದೇ ಅಳತೆ. ಚಿಕ್ಕಂದಿನಲ್ಲಿ ಅವಳ ಹಳೇ ಚಪ್ಪಲಿಯನ್ನೇ ನಾನು ಮೆಟ್ಟುತ್ತಿದ್ದೆ. ಗಾಯಕ್ಕೆ ಬಟ್ಟೆ ಕಟ್ಟಿ ಬೂಟು ಹಾಕಿ ದಾರ ಬಿಗಿದೆ. ಅವಳು ಎದ್ದು ನಿಂತು ನೆಲವನ್ನು ಒತ್ತಿ ನೋಡಿ, “ನೆಲಾನೂ ಗೊತ್ತಾಗಂಗಿಲ್ಲ, ಬೂಟೂ ಗೊತ್ತಾಗಂಗಿಲ್ಲ,” ಎಂದು ನಕ್ಕಳು.

ನಾನು ಬರಿಗಾಲಾದೆ.

ರಾಯಚೂರು, ಮತ್ತೆ

ಪುಣ್ಯವಂತಿ ಬೂಟು ಹಾಕಿದ್ದು ಜನರಿಗೆ ಸರಿಕಾಣಲಿಲ್ಲ. “ಮೈಸೂರಿನ ತಂಗಿ ಬಂದು ಹರಕಿ ಕೆಡಿಸಿದ್ಲು,” ಎಂದು ನನಗೆ ಕೇಳುವ ಹಾಗೆಯೇ ಆಡಿಕೊಂಡರು. ಈರವ್ವ ನನ್ನ ಜೊತೆ ಮಾತು ಬಿಟ್ಟಳು. ಮುಳ್ಳು ತೆಗೆಯುವಾಗ ಮಾತ್ರ ಬಂದು ಮುಖ ತಿರುಗಿಸಿಕೊಂಡು ಕಾಲು ಹಿಡಿಯುತ್ತಿದ್ದಳು. ಕಟ್ಟಳೆ ಕಟ್ಟಳೆಯೇ. ಬರಿಗಾಲಿನ ನನಗೆ ಅವಳ ಅಗತ್ಯ ಈಗ ಹೆಚ್ಚಾಗಿತ್ತು.

ರಾಯಚೂರಿನ ಬಜಾರಕ್ಕೆ ಬಂದಾಗ ಬಿಸಿಲು ನೆತ್ತಿಯ ಮೇಲೆ. ಬೀದಿಯ ಕಲ್ಲು ಕಾದು ಕಾಲು ಇಡಲಾಗುತ್ತಿರಲಿಲ್ಲ. ಆಗ ಒಬ್ಬ ಭಿಸ್ತಿ ತೊಗಲಿನ ಚೀಲದಲ್ಲಿ ನೀರು ತುಂಬಿಕೊಂಡು ಕಂಬಿಯ ಮುಂದೆ ಮುಂದೆ ಚಿಮುಕಿಸುತ್ತಾ ಹೋದ. ಯಾರು ಕಳಿಸಿದರೋ ಗೊತ್ತಿಲ್ಲ. ಪ್ರತಿ ವರ್ಷ ಹೀಗೆಯೇ ಎಂದರು. “ಚಲೋ ಅಮ್ಮಾ, ಚಲೋ, ಠಂಡಾ ಹೈ,” ಎನ್ನುತ್ತಿದ್ದ. ಒದ್ದೆ ಕಲ್ಲಿನ ಮೇಲೆ ಪಾದ ಇಟ್ಟಾಗ ನನಗೆ ಕಣ್ಣು ತುಂಬಿತು. ನಮ್ಮ ಕಡೆ ದೇವರು ಬರುತ್ತಾನೆಂದು ರಂಗೋಲಿ ಹಾಕುತ್ತಾರೆ. ನಡೆಯುವವರ ಕಾಲು ಸುಡುತ್ತದೆಂದು ಬೀದಿ ತೊಯ್ಯಿಸಿದ್ದನ್ನು ನಾನು ನೋಡಿರಲಿಲ್ಲ. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು.

“ತಂಪಾತೇನು?” ಎಂದು ಕೇಳಿದಳು. ಆಯಿತು ಎಂದೆ.

ಸ್ಟೇಷನ್ನಿನ ಕಡೆಯಿಂದ ರೈಲು ಕೂಗಿತು. ನಾನು ಅವಳನ್ನು ನೋಡಿದೆ. ಅವಳು ಉಡಿಯಲ್ಲಿದ್ದ ಸೀರೆಯನ್ನು ಒತ್ತಿ ಹಿಡಿದುಕೊಂಡು ಹೊಳೆಯ ದಾರಿಗೆ ತಿರುಗಿದಳು.

ಯರಗೇರಾ

ಸಂಜೆಯ ಹೊತ್ತಿಗೆ ಯರಗೇರಾ. ಅಜ್ಜಾರು ಕಂಬಿಯನ್ನು ಹುಣಿಸೆ ಮರಕ್ಕೆ ತೂಗಿಹಾಕಿದರು. ಊರಿನವರು ನೀರು ತಂದರು, ಜೋಳದ ನುಚ್ಚು, ಮಜ್ಜಿಗೆ ತಂದರು. ನಾನು ಅಕ್ಕನನ್ನು ಒಂದು ಕಡೆ ಕೂಡಿಸಿ ಅಡ್ಡ ಕುಳಿತಿದ್ದೆ. ಆದರೂ ಒಬ್ಬ ಎಳೆ ಬಾಣಂತಿ ನನ್ನ ಕಣ್ಣು ತಪ್ಪಿಸಿ ಬಂದಳು. ಕಂಕುಳಲ್ಲಿ ದೇವದುರ್ಗದ ಕೂಸಿನಷ್ಟೇ ದೊಡ್ಡ ಮಗು, ಜ್ವರದಿಂದ ಕೆಂಪಾಗಿತ್ತು.

“ಯವ್ವಾ, ನಿನ್ನ ಪಾದ ಇದರ ನೆತ್ತಿಗ ಮುಟ್ಟಸು. ನಿನಗ ನೋವು ಇಲ್ಲಂತ, ಇದರ ನೋವೂ ಹೋಗಲಿ,” ಎಂದು ಮಗುವನ್ನು ನೆಲದ ಮೇಲೆ ಮಲಗಿಸಿ, ಅಕ್ಕನ ಬೂಟಿನ ದಾರ ಬಿಚ್ಚತೊಡಗಿದಳು.

“ಬ್ಯಾಡ ತಾಯಿ,” ಎಂದಳು ಅಕ್ಕ. ಹುಡುಗಿ ಬಿಡಲಿಲ್ಲ. ಬಟ್ಟೆ ಕಟ್ಟಿದ ಪಾದ ಅರ್ಧ ಹೊರಗೆ ಬಂದಿತ್ತು. ಅಕ್ಕ ಧಡಕ್ಕನೆ ಎದ್ದು ಹಿಂದೆ ಸರಿದು ಗೋಡೆಗೆ ಬೆನ್ನು ಹಚ್ಚಿದಳು.

“ಕೂಸಿನ್ನ ಎತ್ತಿಕೋ! ನನ್ನ ಹತ್ರ ತರಬ್ಯಾಡ! ಇದು ಮಲ್ಲಯ್ಯನ ವರ ಅಲ್ಲ. ಬ್ಯಾನಿ. ದೊಡ್ಡ ರೋಗ ನನಗ. ಕಾಲು ಸತ್ತಾವ, ಅದಕ ನೋಯಂಗಿಲ್ಲ.”

ಹುಡುಗಿ ಮಗುವನ್ನು ಎತ್ತಿ ಎದೆಗವಚಿಕೊಂಡು ಓಡಿದಳು. ನೀರು ತರುತ್ತಿದ್ದವಳು ಕೊಡವನ್ನು ನಿಂತಲ್ಲೇ ಇಳಿಸಿದಳು. ಜನ ಹಿಂದೆ ಸರಿದರು, ಯಾರೂ ಬೈಯಲಿಲ್ಲ. ಈರವ್ವ ತನ್ನ ಸೆರಗಿನ ಗಂಟು ಬಿಚ್ಚಿ ಮುಳ್ಳನ್ನು ಬೀಳಿಸಿದಳು. ಆ ಕೈಯನ್ನು ಬಹಳ ಹೊತ್ತು ಮಣ್ಣಿನಲ್ಲಿ ಉಜ್ಜಿಕೊಂಡಳು. ಅದನ್ನು ನೋಡಿ ನನಗೆ ಸಿಟ್ಟು ಬಂತು. ಆದರೆ ಇದೇ ಈರವ್ವ ನನ್ನ ಬೊಬ್ಬೆ ಎದ್ದ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡವಳು. ಅವಳಿಗೂ ಮನೆಯಲ್ಲಿ ಮಕ್ಕಳಿದ್ದರು.

ಮುಟ್ಟಿದ ಮಾತ್ರಕ್ಕೆ ಹತ್ತುವ ರೋಗವಲ್ಲ ಇದು ಎಂದು ನಾನು ಎದ್ದು ಹೇಳಿದೆ. ಯಾರು ಕೇಳುತ್ತಾರೆ? ಅಕ್ಕ ನನ್ನ ಸೆರಗು ಹಿಡಿದು ಕೂಡಿಸಿದಳು. “ಬಿಡ. ಆ ಕೂಸು ಉಳೀಲಿ ಸಾಕು.” ಮನೆಯ ಮಾನಕ್ಕಾಗಿ ವರ್ಷವಿಡೀ ಬಚ್ಚಿಟ್ಟ ಮಾತನ್ನು ಯಾರೋ ಗುರುತಿಲ್ಲದವಳ ಮಗುವಿಗಾಗಿ ಅವಳು ಎಲ್ಲರೆದುರು ಆಡಿಬಿಟ್ಟಿದ್ದಳು. ನನಗೆ ಅವಳ ಮೇಲೆ ಹುಟ್ಟಿದ ಗೌರವವನ್ನು ಇಲ್ಲಿ ಬರೆಯಲು ಬರುವುದಿಲ್ಲ.

ಬೆಳಗಾಗುತ್ತಲೇ ಅಜ್ಜಾರು ಕಂಬಿಯನ್ನು ಹೆಗಲಿಗೇರಿಸಿ ನಮ್ಮತ್ತ ನೋಡಿದರು.

“ಹಿಂದ ಬರ್ರಿ,” ಎಂದರು. “ಮುಟ್ಟಿ ಬರಬ್ಯಾಡ್ರಿ. ಬಿಟ್ಟೂ ಬರಬ್ಯಾಡ್ರಿ.”

ಹೊಳೆ

ಹಾಗೆಯೇ ನಡೆದೆವು. ಮುಂದೆ ಕಂಬಿ ಮತ್ತು ಜನ, ಹಿಂದೆ ನಾವಿಬ್ಬರು, ನಡುವೆ ಒಂದು ಹೊಲದಷ್ಟು ಬರಿದಾದ ದಾರಿ. ಆ ಬರಿದಾದ ಜಾಗದಲ್ಲಿ ಈರವ್ವ ಒಬ್ಬಳೇ ನಡೆಯುತ್ತಿದ್ದಳು. ಅವರ ಜೊತೆಗೂ ಸೇರಲಿಲ್ಲ, ನಮ್ಮ ಹತ್ತಿರಕ್ಕೂ ಬರಲಿಲ್ಲ. ನಾವು ನಿಂತರೆ ನಿಲ್ಲುತ್ತಿದ್ದಳು. ತಿರುಗಿ ಮಾತ್ರ ನೋಡುತ್ತಿರಲಿಲ್ಲ.

ಬೇಸಿಗೆಯ ತುಂಗಭದ್ರೆ ಬಹುಪಾಲು ಮರಳು ಮತ್ತು ಬಂಡೆ. ನಡುವಿನ ಮಡುವಿನಲ್ಲಷ್ಟೇ ಹರಿಗೋಲು. ಈ ದಂಡೆ ನಿಜಾಮರದು, ಆ ದಂಡೆ ಇಂಗ್ರೇಜರದು. ನೀರು ಯಾರದೆಂದು ಹರಿಗೋಲಿನವನಿಗೂ ಗೊತ್ತಿರಲಿಲ್ಲ. ಜನ ಒಬ್ಬೊಬ್ಬರಾಗಿ ಹತ್ತುತ್ತಿದ್ದರು. ಅಕ್ಕ ದಂಡೆಯಲ್ಲಿ ನಿಂತು ಉಡಿಯಿಂದ ಸೀರೆಯನ್ನು ತೆಗೆದಳು. ಕೊಡಲು ಮುಂದೆ ಹೋಗಲಿಲ್ಲ, ಒಳಗೆ ಇಟ್ಟುಕೊಳ್ಳಲೂ ಇಲ್ಲ. ಇಳಕಲ್ಲಿನ ಕೆಂಪು ಸೆರಗು ಗಾಳಿಗೆ ಬಿಚ್ಚಿಕೊಂಡಿತು. ತನ್ನ ಮೈಗೆ ತಾಗಿದ ಸೀರೆ ದೇವಿಗೆ ಸಲ್ಲುತ್ತದೋ ಇಲ್ಲವೋ ಎಂದು ಅವಳು ಕೇಳಲಿಲ್ಲ. ಕೇಳಲು ಧೈರ್ಯ ಬರಲಿಲ್ಲ ಎಂದು ಆಮೇಲೆ ಹೇಳಿದಳು.

ಅಜ್ಜಾರು ನೀರಿನಿಂದ ತಿರುಗಿ ಬಂದರು. ಹತ್ತಿರ ಬಂದು ಒಂದು ಮೊಣಕಾಲು ಮಡಿಸಿದರು. ಹೆಗಲಿನ ಕೋಲು ವಾಲಿ, ಬುಟ್ಟಿ ಅವಳ ಎದೆಯ ಮಟ್ಟಕ್ಕೆ ಇಳಿಯಿತು, ನೆಲ ಮುಟ್ಟಲಿಲ್ಲ. ಆ ವಯಸ್ಸಿನಲ್ಲಿ ಆ ಭಾರ ಹೊತ್ತು ಹಾಗೆ ನಿಲ್ಲುವುದು ಸುಲಭವಲ್ಲ, ಕಾಲು ನಡುಗುತ್ತಿತ್ತು.

“ಹಾಕವ್ವಾ.”

“ಅಜ್ಜಾರ, ನಾ ಮುಟ್ಟಿದ್ದು…”

“ತವರಿನ ಸೀರಿ. ಬ್ಯಾನಿ ಬಿದ್ದ ಅಕ್ಕ ಕೊಟ್ಟಾಳಂತ ತಂಗಿ ಒಲ್ಲೆ ಅಂತಾಳೇನು? ಲಗೂನ ಹಾಕು. ಹೆಗಲು ನೋಯಾಕತ್ತದ.”

ಅಕ್ಕ ಹಾಕಿದಳು.

ಹರಿಗೋಲು ಹೊರಡುವಾಗ ಈರವ್ವ ಅದರೊಳಗಿಂದ ನಮ್ಮ ಕಡೆ ತಿರುಗಿದಳು. ಅಳುತ್ತಿದ್ದಳು. “ಗೌರವ್ವಾ, ನಿನ್ನ ಹೆಸರ್ಲೆ ಒಂದು ಕಾಯಿ ಒಡಸ್ತೀನಿ,” ಎಂದು ಕೂಗಿದಳು. ಅವಳಿಗೆ ಅಷ್ಟು ಸಾಧ್ಯವಾಯಿತು. ನಾನು ಅವಳಿಗೆ ಕೈಮುಗಿದೆ.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಅಕ್ಕನನ್ನು ರೈಲಿನಲ್ಲಿ ಕರೆದುಕೊಂಡು ಹೋಗಿ ಆ ಆಸ್ಪತ್ರೆಗೆ ಸೇರಿಸಿದೆ. ಕಾಲು ಉಳಿಯಿತು, ಎರಡು ಬೆರಳು ಉಳಿಯಲಿಲ್ಲ. ನೀಲಮ್ಮ ತವರಿಗೆ ಹೋದಳು, ಮಳೆಗಾಲ ಕಳೆದ ಮೇಲೆ ತಾನಾಗಿ ತಿರುಗಿ ಬಂದಳು. ಈಗ ಹೊಸ ಮಾತ್ರೆ ಬಂದಿದೆಯಂತೆ, ವೈದ್ಯರು ಭರವಸೆ ಕೊಟ್ಟಿದ್ದಾರೆ. ಅಕ್ಕ ದಿನವೂ ಸಂಜೆ ಕನ್ನಡಿ ಹಿಡಿದು ತನ್ನ ಅಂಗಾಲು ನೋಡಿಕೊಳ್ಳುತ್ತಾಳೆ. ಮೊಮ್ಮಗನನ್ನು ಇನ್ನೂ ಎತ್ತಿಲ್ಲ.

ಶ್ರೀಶೈಲಕ್ಕೆ ಹೊರಟವರಿಗೆ ನಾನು ಕಂಬಳಿ ಹೇಳುತ್ತೇನೆ, ಸೋರೆ ಬುರುಡೆ, ಔಡಲೆಣ್ಣೆ, ಕಟಕ ರೊಟ್ಟಿ ಹೇಳುತ್ತೇನೆ. ಚಿಮುಟವನ್ನು ಮರೆಯಬೇಡಿ ಎನ್ನುತ್ತೇನೆ. ಆಗೆಲ್ಲ ನೆನಪಿಗೆ ಬರುವುದು ಆ ದಂಡೆ.

ಹರಿಗೋಲು ಆಚೆ ದಂಡೆ ಮುಟ್ಟಿ, ಜನ ಮರಳಿನಲ್ಲಿ ಸಣ್ಣಗಾಗಿ, ನವಿಲುಗರಿಯೂ ಕಾಣದಾದ ಮೇಲೆ ನಾವು ರಾಯಚೂರಿನ ದಾರಿ ಹಿಡಿದೆವು. ನಾನು ಕುಂಟುತ್ತಿದ್ದೆ. ಅಕ್ಕ ನೋಡಿದಳು.

“ಕುಂದ್ರು. ಕಾಲು ಕೊಡು.”

“ನಾನೇ ತೆಗ್ಕೋತೀನಿ, ಅಕ್ಕಾ. ಚಿಮುಟ ಇದೆ.”

“ನೀನ ತಗೋಬಾರದು. ಕಟ್ಟಳಿ ಮರತೇನು?”

ಬಂಡೆಯ ಮೇಲೆ ಕುಳಿತೆ. ಅವಳು ಚಿಮುಟ ಇಸಿದುಕೊಂಡು, ನನ್ನ ಪಾದ ಹಿಡಿಯುವ ಮೊದಲು ಕೈಗೆ ಸೆರಗು ಸುತ್ತಿಕೊಳ್ಳಲು ಹೋದಳು. ನಾನು ಆ ಸೆರಗನ್ನು ಎಳೆದು ತೆಗೆದೆ. ದೇವದುರ್ಗದ ಬಾಗಿಲಿನಿಂದ ಹಿಡಿದು ಅವಳು ನನ್ನನ್ನು ತಾನಾಗಿ ಮುಟ್ಟಿದ್ದು ಅದೇ ಮೊದಲು. ನನ್ನ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಬೆರಳಿಗೆ ಹಿಡಿತ ಗೊತ್ತಾಗದು, ಕಣ್ಣಿನಿಂದಲೇ ಹುಡುಕಿ ಹುಡುಕಿ ಮುಳ್ಳಿನ ತುದಿಗೆ ಚಿಮುಟ ಹಾಕಿ ಎಳೆದಳು. ನಾನು “ಅಯ್ಯೋ ಅಮ್ಮಾ” ಎಂದು ಚೀರಿದೆ.

“ನೋಯ್ತೇನು?”

“ನೋಯದೆ ಇರತ್ತಾ? ಪ್ರಾಣ ಹೋಯ್ತು.”

ಅಕ್ಕ ಮುಳ್ಳನ್ನು ಮರಳಿಗೆ ಎಸೆದಳು. ನನ್ನ ಅಂಗಾಲಿನ ರಕ್ತವನ್ನು ಹೆಬ್ಬೆರಳಿನಿಂದ ಒರೆಸಿದಳು. ಕಾಲನ್ನು ಕೆಳಗಿಳಿಸದೆ ಹಾಗೆಯೇ ಹಿಡಿದುಕೊಂಡು ಕುಳಿತಳು.

“ಪುಣ್ಯವಂತಿ ನೀ,” ಎಂದಳು.